120 ಗಂಟೆಯ ಲೆಕ್ಕ: ಪ್ರಾಜೆಕ್ಟ್ ಮಾಡಿ ಕಲಿತವರಿಗೆ ಕಾಲೇಜು ಸೀಟು ಹೇಗೆ?

ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ವೀಕ್ಷಕರೊಬ್ಬರು ಕೇಳಿದ್ದಾರೆ: "ಮಗಳ ಹೈಸ್ಕೂಲಿನಲ್ಲಿ ಪೀರಿಯಡ್ಡೇ ಇಲ್ಲ. ಬರೀ ಪ್ರಾಜೆಕ್ಟು, ಇಂಟರ್ನ್‌ಶಿಪ್. ನಾಳೆ ಯೂನಿವರ್ಸಿಟಿಯವರು ಕೆಮಿಸ್ಟ್ರಿ ಎಲ್ಲಿ ಅಮ್ಮಾ ಅಂದರೆ ಏನು ತೋರಿಸುವುದು?"

ಬೇಸಿಕ್ಸ್ ಬೇಗ ಮುಗಿಸೋಣ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಎ ಇಂದ ಜಿ ತನಕ ಏಳು ಗುಂಪಿನ ಕೋರ್ಸು ಕೇಳುತ್ತದೆ.

[ತೆರೆಯ ಮೇಲೆ: ಇತಿಹಾಸ 2 ವರ್ಷ, ಇಂಗ್ಲಿಷ್ 4, ಗಣಿತ 3, ಲ್ಯಾಬ್ ವಿಜ್ಞಾನ 2, ಇನ್ನೊಂದು ಭಾಷೆ 2, ಕಲೆ 1, ಐಚ್ಛಿಕ 1]

ಒಂದೊಂದು ವರ್ಷದ ಕೋರ್ಸು ಒಟ್ಟು 15. ಅದರಲ್ಲಿ 11 ಹನ್ನೆರಡನೇ ಕ್ಲಾಸಿಗೆ ಮೊದಲೇ ಮುಗಿದಿರಬೇಕು. ಎಲ್ಲದರಲ್ಲೂ ಕನಿಷ್ಠ ಸಿ ಗ್ರೇಡು.

ನೋಡಿ, ಎಲ್ಲವೂ ವರ್ಷದ ಲೆಕ್ಕ. ಇದು ಬಂದದ್ದು ಎಲ್ಲಿಂದ ಗೊತ್ತಾ? ಪ್ರೊಫೆಸರುಗಳ ಪಿಂಚಣಿಯಿಂದ!

1905ರಲ್ಲಿ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ 1 ಕೋಟಿ ಡಾಲರ್ ಇಟ್ಟು, ಕಾಲೇಜು ಮೇಷ್ಟ್ರುಗಳಿಗೆ ಪಿಂಚಣಿ ಕೊಡಿ ಅಂದರು. ಹಣ ನೋಡಿಕೊಳ್ಳುವವರಿಗೆ ತಲೆನೋವು ಶುರುವಾಯಿತು. ಕಾಲೇಜು ಅಂತ ಯಾವುದನ್ನು ಕರೆಯುವುದು? ಆಗ ಹೈಸ್ಕೂಲಿಗೂ ಕಾಲೇಜಿಗೂ ನಡುವಿನ ಗೆರೆಯೇ ಸರಿಯಾಗಿರಲಿಲ್ಲ. ಅದಕ್ಕೆ ಷರತ್ತು ಹಾಕಿದರು: ಸೇರುವವರು ಹೈಸ್ಕೂಲಿನಲ್ಲಿ 14 ಯೂನಿಟ್ ಓದಿರಬೇಕು. ಒಂದು ವಿಷಯವನ್ನು ವರ್ಷಕ್ಕೆ 120 ಗಂಟೆ ಓದಿದರೆ ಒಂದು ಯೂನಿಟ್. ಪಿಂಚಣಿ ಯಾರಿಗೆ ಬೇಡ? ಕಾಲೇಜುಗಳು ಒಪ್ಪಿದವು. ಹೈಸ್ಕೂಲುಗಳು ಹಿಂದೆಯೇ ಬಂದವು. ಮೇಷ್ಟ್ರ ಮುಪ್ಪಿನ ಖರ್ಚಿಗೆ ಮಾಡಿದ ಲೆಕ್ಕ ಮಕ್ಕಳ ಟೈಮ್‌ಟೇಬಲ್ ಆಯಿತು! ಬಡಗಿ ಮಾಡಿದ ಬಾಗಿಲು ನೋಡದೆ ಹಾಜರಿ ಪುಸ್ತಕ ನೋಡಿ ಕೂಲಿ ಕೊಟ್ಟ ಹಾಗೆ, ಅಲ್ವಾ? ಇದರ ಮೇಲೇ ಒಂದು ವಿಡಿಯೋ ಮಾಡುವ ಆಸೆ ನನಗೆ. ಎಡಿಟರ್ ತಲೆ ಅಲ್ಲಾಡಿಸುತ್ತಿದ್ದಾರೆ.

ಇನ್ನೊಂದು ಕೇಳಿ. 1930ರ ದಶಕದಲ್ಲಿ ಅಮೆರಿಕದ ಸುಮಾರು 30 ಹೈಸ್ಕೂಲುಗಳು ಈ ಲೆಕ್ಕ ಬಿಟ್ಟು ತಮ್ಮದೇ ರೀತಿಯಲ್ಲಿ ಕಲಿಸಿದವು. ಕಾಲೇಜುಗಳೂ ಷರತ್ತು ಸಡಿಲಿಸಿದವು. ಆಮೇಲೆ ಹಳೆ ರೀತಿ ಕಲಿತವರ ಜೊತೆ 1,475 ಜೋಡಿ ಮಾಡಿ ಹೋಲಿಸಿದರು. ಹೊಸ ರೀತಿ ಕಲಿತವರು ಕಾಲೇಜಿನಲ್ಲಿ ಹಿಂದೆ ಬೀಳಲಿಲ್ಲ, ಒಂದು ಕೈ ಮುಂದೆಯೇ ಇದ್ದರು. ವರದಿ ಬಂದದ್ದು 1942ರಲ್ಲಿ, ಮಹಾಯುದ್ಧದ ನಡುವೆ. ಯಾರು ಓದುತ್ತಾರೆ ಹೇಳಿ!

ಸರಿ, ಮಗಳ ವಿಷಯಕ್ಕೆ ಬರೋಣ. ಅವಳು ಎಲೆಕ್ಟ್ರಿಕ್ ಸೈಕಲ್ಲಿಗೆ ಬ್ಯಾಟರಿ ಮಾಡುತ್ತಿದ್ದಾಳೆ ಅನ್ನಿ. ಯುಸಿ ಆ ಬ್ಯಾಟರಿ ನೋಡಲು ಬರುವುದಿಲ್ಲ. ಅದು ನೋಡುವುದು ಶಾಲೆ ಬರೆದು ಕಳಿಸಿದ ಕೋರ್ಸಿನ ವಿವರ. ಹಾಗಾಗಿ ಶಾಲೆಯೇ ಕೆಮಿಸ್ಟ್ರಿ ಅಂತ ಒಂದು ಕೋರ್ಸು ಬರೆದು, ಯುಸಿಯಿಂದ ಒಪ್ಪಿಗೆ ಪಡೆದು, ಬ್ಯಾಟರಿಯನ್ನು ಅದರೊಳಗೆ ಕೂರಿಸಬೇಕು. ಬ್ಯಾಟರಿಯಲ್ಲಿ ಎಲೆಕ್ಟ್ರಾನುಗಳ ಕೊಡು-ಕೊಳ್ಳುವಿಕೆ ಚೆನ್ನಾಗಿ ಬರುತ್ತದೆ. ಅನಿಲಗಳ ನಿಯಮ ಬರುವುದಿಲ್ಲ. ಅದನ್ನು ಬೇರೆ ಪ್ರಯೋಗ ಮಾಡಿಸಿ ತುಂಬಬೇಕು. ಸುಮ್ನೆ ಹೆಸರು ಬದಲಿಸಿದರೆ ಆಗುವುದಿಲ್ಲ. ಈ ಕೆಲಸ ಒಂಬತ್ತನೇ ಕ್ಲಾಸಿನಲ್ಲೇ ಶುರುವಾಗಲಿ. ಹನ್ನೆರಡರಲ್ಲಿ ಎದ್ದರೆ ಅಪ್ಪ-ಅಮ್ಮನ ಬಿಪಿ ಮಾತ್ರ ಏರುತ್ತದೆ.

ಟೈಮ್ ಆಯಿತು, ಉಳಿದದ್ದು ಒಟ್ಟಿಗೇ ಹೇಳುತ್ತೇನೆ. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಯುಸಿ ತನ್ನ ಲೆಕ್ಕಕ್ಕೆ ಒಪ್ಪುವ ಕೋರ್ಸನ್ನು ಒಂದು ಸೆಮಿಸ್ಟರ್ ಓದಿದರೆ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಎಪಿ ಅಂದರೆ ಹೈಸ್ಕೂಲಿನವರು ಬರೆಯುವ ಕಾಲೇಜು ಮಟ್ಟದ ಪರೀಕ್ಷೆ; ಎಪಿ ಕೆಮಿಸ್ಟ್ರಿಯಲ್ಲಿ 5ಕ್ಕೆ 3 ಬಂದರೂ ನಡೆಯುತ್ತದೆ. ಮನೆಯಲ್ಲೇ ಓದುವವರಿಗೆ ಇವೇ ದಾರಿ ಜಾಸ್ತಿ ಉಪಯೋಗ. ಇನ್ನು ಆ 'ಇನ್ನೊಂದು ಭಾಷೆ' ಇದೆಯಲ್ಲ, ಕನ್ನಡವೂ ಆಗಬಹುದು. ಏಳನೇ ಕ್ಲಾಸಿನಿಂದ ಮುಂದೆ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಅಮೆರಿಕಕ್ಕೆ ಬಂದವರು ಆ ಸಾಲು ದಾಟಿದ ಹಾಗೆಯೇ. ಅಲ್ಲೇ ಬೆಳೆದ ಮಕ್ಕಳಾದರೆ, ಕನ್ನಡ ಚೆನ್ನಾಗಿ ಬರುತ್ತದೆ ಅಂತ ಪ್ರಿನ್ಸಿಪಾಲರ ಪತ್ರ ಸಿಗುತ್ತದಾ ಅಂತ ಶಾಲೆಯ ಕೌನ್ಸೆಲರ್ ಹತ್ತಿರ ಈ ವಾರವೇ ವಿಚಾರಿಸಿ.