ಎರಡು ಕೆರೆಗಳ ನಡುವಿನ ಒಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಡ್ಯದ ಹತ್ತಿರ ನಮ್ಮೂರು. ದೊಡ್ಡಪ್ಪ ಅಲ್ಲಿ ನೀರುಗಂಟಿಯಾಗಿದ್ದರು. ಊರಿಗೆ ಎರಡು ಕೆರೆ, ಒಂದರ ಕೆಳಗೊಂದು. ಬೇಸಿಗೆಯಲ್ಲಿ ಎರಡರ ತೂಬನ್ನೂ ಮುಚ್ಚಿದರೂ ಮೇಲಿನ ಕೆರೆ ಬೇಗ ಇಳಿಯುತ್ತಿತ್ತು. ಕೆಳಗಿನದು ಅಷ್ಟು ಇಳಿಯುತ್ತಿರಲಿಲ್ಲ. "ಏರಿ ಅಡೀಲಿ ಒಸರು ಹೋಯ್ತಾ ಅದೆ ಕಣ್ಲಾ ಮಗ" ಅನ್ನುತ್ತಿದ್ದರು. ಆ ಒಸರನ್ನು ಯಾರೂ ಕಂಡಿರಲಿಲ್ಲ. ಮಟ್ಟದ ಕಲ್ಲು ನೋಡಿಯೇ ಅವರು ಹೇಳಿದ್ದು.

ವಿಶ್ವದಲ್ಲೂ ಅಂಥದೊಂದು ಒಸರು ಇರಬಹುದಾ ಎಂದು ಕೆಲವು ವಿಜ್ಞಾನಿಗಳು ಕೇಳುತ್ತಿದ್ದಾರೆ.

ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ ಎಂದು 1929ರಲ್ಲಿ ಎಡ್ವಿನ್ ಹಬಲ್ ತೋರಿಸಿದರು. ವಿಶ್ವ ಹಿಗ್ಗುತ್ತಿದೆ, ಸರಿ. ಆದರೆ ಗುರುತ್ವ ಎಲ್ಲವನ್ನೂ ಒಳಕ್ಕೆ ಎಳೆಯುತ್ತದೆ ಅಲ್ವಾ? ಹಿಗ್ಗುವ ವೇಗ ಬರಬರುತ್ತಾ ತಗ್ಗಬೇಕಿತ್ತು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳ, ಅಂದರೆ ಸಿಡಿದ ನಕ್ಷತ್ರಗಳ, ಬೆಳಕು ಅಳೆದವು. ಅಂದುಕೊಂಡದ್ದಕ್ಕಿಂತ ಅವು ಮಂಕಾಗಿದ್ದವು. ಅಂದರೆ ಇನ್ನೂ ಜಾಸ್ತಿ ದೂರದಲ್ಲಿದ್ದವು. ವೇಗ ತಗ್ಗುವ ಬದಲು ಏರುತ್ತಿತ್ತು! ಪರ್ಲ್‌ಮಟರ್, ಶ್ಮಿಟ್, ರೀಸ್ ಈ ಮೂವರಿಗೆ ಇದಕ್ಕಾಗಿ 2011ರಲ್ಲಿ ನೊಬೆಲ್ ಬಂತು.

ಹೀಗೆ ಹೊರಕ್ಕೆ ತಳ್ಳುವುದಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟರು. ವಿಶ್ವದ ಲೆಕ್ಕದಲ್ಲಿ ಅದು ಸುಮಾರು ಶೇ. 68. ಕಣ್ಣಿಗೆ ಕಾಣದ, ಆದರೆ ಗುರುತ್ವದಿಂದ ಎಳೆಯುವ ಡಾರ್ಕ್ ಮ್ಯಾಟರ್ ಶೇ. 27. ನಾವು, ನೀವು, ಕಾವೇರಿ, ನಕ್ಷತ್ರಗಳೆಲ್ಲ ಸೇರಿ ಉಳಿದ ಶೇ. 5.

ನನ್ನನ್ನು ತುಂಬಾ ಕಾಡುವ ಪ್ರಶ್ನೆ ಇದು. ವಿಶ್ವದ ಉದ್ದ, ಅಗಲ, ಎತ್ತರ ಎರಡರಷ್ಟಾದರೆ ಮ್ಯಾಟರ್, ಕಾಣುವುದೂ ಕಾಣದ್ದೂ ಸೇರಿ, ಎಂಟನೇ ಒಂದು ಪಾಲಿಗೆ ತೆಳುವಾಗುತ್ತದೆ. ಡಾರ್ಕ್ ಎನರ್ಜಿ ಮಾತ್ರ, ಸರಳ ಲೆಕ್ಕದ ಪ್ರಕಾರ, ಹಾಗೇ ಇರುತ್ತದೆ. ಹಿಂದೆ ಮ್ಯಾಟರ್ ಎಷ್ಟೋ ಪಟ್ಟು ಹೆಚ್ಚಿತ್ತು. ಮುಂದೆ ಅದು ಇಲ್ಲವೆನ್ನುವಷ್ಟಾಗುತ್ತದೆ. ಎರಡರ ಪ್ರಮಾಣವೂ ಒಂದಕ್ಕೊಂದು ಹತ್ತಿರವಿರುವ ಈ ಹೊತ್ತಿನಲ್ಲೇ ನಾವು ಇದ್ದೇವಲ್ಲ, ಇದು ಸುಮ್ನೆ ಆದದ್ದಾ?

ಡಾರ್ಕ್ ಮ್ಯಾಟರ್, ಡಾರ್ಕ್ ಎನರ್ಜಿ ಎರಡರ ನಡುವೆ ಶಕ್ತಿ ಸೋರುತ್ತಿದ್ದರೆ? ಆಗ ಒಂದು ಕಳೆದುಕೊಂಡಷ್ಟನ್ನು ಇನ್ನೊಂದು ಪಡೆಯುತ್ತದೆ. ಡಾರ್ಕ್ ಮ್ಯಾಟರ್ ಕಡೆಯಿಂದ ಸೋರಿದರೆ ಅದು ಎಂಟನೇ ಒಂದಕ್ಕಿಂತಲೂ ತೆಳುವಾಗುತ್ತದೆ. ಡಾರ್ಕ್ ಎನರ್ಜಿಯಿಂದ ಇದರ ಕಡೆಗೆ ಬಂದರೆ ಅಷ್ಟು ತೆಳುವಾಗುವುದಿಲ್ಲ. ಗೆಲಾಕ್ಸಿಗಳು ಗುಂಪು ಕಟ್ಟುವ ರೀತಿಯೂ ಬದಲಾಗುತ್ತದೆ. ಹಾಗಾಗಿ ಆ ಗುಂಪುಗಳೇ ಇಲ್ಲಿ ಮಟ್ಟದ ಕಲ್ಲು.

ಅಮೆರಿಕದ ಅರಿಜೋನಾದಲ್ಲಿ ಡೆಸಿ ಎಂಬ ಉಪಕರಣ 5000 ಗಾಜಿನ ಎಳೆಗಳಿಂದ ಏಕಕಾಲಕ್ಕೆ ಗೆಲಾಕ್ಸಿಗಳ ಬೆಳಕು ಹಿಡಿಯುತ್ತದೆ. 2024 ಮತ್ತು 2025ರಲ್ಲಿ ಬಂದ ಅದರ ಅಳತೆಗಳು ಡಾರ್ಕ್ ಎನರ್ಜಿ ಕಾಲದೊಂದಿಗೆ ಬದಲಾಗುತ್ತಿರಬಹುದು ಎಂಬ ಸುಳಿವು ಕೊಟ್ಟಿವೆ. ಒಸರಿನ ಲೆಕ್ಕವೂ ಅದಕ್ಕೊಂದು ವಿವರಣೆ ಆಗಬಹುದು. ಸುಳಿವು ಇನ್ನೂ ಗಟ್ಟಿಯಾಗಿಲ್ಲ.

ದೊಡ್ಡಪ್ಪ ಮೂರು ಬೇಸಿಗೆ ಕಲ್ಲು ನೋಡಿದ ಮೇಲೆಯೇ ಒಸರಿನ ಮಾತೆತ್ತಿದ್ದು. ನಾಲ್ಕನೇ ಬೇಸಿಗೆ ಏರಿಯ ಬುಡ ಅಗೆಸಿದರು. ಮಣ್ಣು ಒದ್ದೆಯಾಗಿತ್ತು.

ನಮಸ್ಕಾರ.