ಮ್ಯೂಸಿಯಂಗೆ ಮೊದಲು ಒಂದು ಕುರ್ಚಿ ತನ್ನಿ

ಎಲ್ಲರಿಗೂ ನಮಸ್ಕಾರ. ಶಾಲು, ಹಾರ ಏನೂ ಬೇಡ ಅಂತ ಫೋನಿನಲ್ಲೇ ಹೇಳಿದ್ದೆ, ಆದರೂ ಹಾಕಿದಿರಿ. ಏಲಕ್ಕಿ ಹಾರ ಆದ್ದರಿಂದ ಪರವಾಗಿಲ್ಲ, ಮನೆಯಲ್ಲಿ ಪಾಯಸಕ್ಕೆ ಆಗುತ್ತದೆ.

ಇವತ್ತು ಮೇ 18, ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. 1977ರಿಂದ ಜಗತ್ತೆಲ್ಲ ಆಚರಿಸುತ್ತಾರೆ, ನಮ್ಮಲ್ಲಿ ಬಹುಪಾಲು ಬ್ಯಾನರ್‌ ಕಟ್ಟಿ ಆಚರಿಸುತ್ತಾರೆ. ನನಗೆ ಕೊಟ್ಟ ವಿಷಯ 'ಕಲಾ ಮ್ಯೂಸಿಯಂಗಳ ಪ್ರದರ್ಶನ ಮತ್ತು ಸಾರ್ವಜನಿಕ ಕಾರ್ಯಕ್ರಮಗಳು: ಸಮಸ್ಯೆಗಳು ಮತ್ತು ಸವಾಲುಗಳು'. ಸಮಸ್ಯೆಗೂ ಸವಾಲಿಗೂ ಏನು ವ್ಯತ್ಯಾಸ ಅಂತ ಬಸ್ಸಿನಲ್ಲಿ ಯೋಚನೆ ಮಾಡುತ್ತಲೇ ಬಂದೆ. ಗೊತ್ತಾಗಲಿಲ್ಲ. ಐದು ಅಂಶ ಬರೆದುಕೊಂಡಿದ್ದೇನೆ. ನಲವತ್ತು ನಿಮಿಷ ಕೊಟ್ಟಿದ್ದೀರಿ, ಅದರಲ್ಲಿ ಸ್ವಾಗತ ಭಾಷಣ ಈಗಾಗಲೇ ಹದಿನೈದು ತಿಂದಿದೆ.

ಮೊದಲನೆಯ ಅಂಶ ಕುರ್ಚಿ.

ನಗಬೇಡಿ. ನೀವೆಲ್ಲ ಈಗ ಕೂತಿದ್ದೀರಿ. ನಾನೊಬ್ಬನೇ ನಿಂತಿರೋದು. ಸಂಗೀತ ಕಚೇರಿಗೆ ಹೋದರೆ ಕುರ್ಚಿ ಇರುತ್ತದೆ. ಯಕ್ಷಗಾನಕ್ಕೆ, ತೊಗಲುಗೊಂಬೆ ಆಟಕ್ಕೆ ನಮ್ಮ ಹಿರಿಯರು ಚಾಪೆ, ಕಂಬಳಿ ಹೊತ್ತುಕೊಂಡು ಹೋಗಿ ಬೆಳಗಿನವರೆಗೆ ಕೂತು ನೋಡುತ್ತಿದ್ದರು. ಚಿತ್ರ ಒಂದೇ ಪಾಪ ಮಾಡಿದ್ದು. ಅದನ್ನು ನಿಂತೇ ನೋಡಬೇಕು, ಅದೂ ಹಿಂದಿನವರು ತಳ್ಳುವುದಕ್ಕೆ ಮೊದಲು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡು. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಆಟೋ ಹಿಂದೆ ಬರೆದಿರೋದನ್ನು ನಾವು ಅದಕ್ಕಿಂತ ಜಾಸ್ತಿ ಹೊತ್ತು ಓದುತ್ತೇವೆ, ಅಲ್ವಾ?

ನಮ್ಮ ಕೆ. ವೆಂಕಟಪ್ಪನವರನ್ನೇ ತೆಗೆದುಕೊಳ್ಳಿ. 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತವರು, ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು. ಊಟಿ, ಕೊಡೈಕನಾಲ್ ಬೆಟ್ಟಗಳಿಗೆ ಹೋಗಿ, ಮಂಜು ಸರಿಯೋದನ್ನು, ಬೆಳಕು ಬದಲಾಗೋದನ್ನು ಕಾದು ಕೂತು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಗ್ಯಾಲರಿ ಇದೆ, ನೋಡಿಲ್ಲದವರು ನೋಡಿ. ಅವರು ಕೂತು ಬರೆದದ್ದನ್ನು ನಾವು ನಿಂತು ನೋಡಿ, ಇನ್ನೊಂದು ಕಾಲು ಬಾಗಿಲ ಹೊರಗೆ ಇಟ್ಟಿರುತ್ತೇವೆ. ಇದು ನ್ಯಾಯವಾ?

ನನಗೆ ಈ ಕುರ್ಚಿಯ ಹುಚ್ಚು ಹಿಡಿಸಿದ್ದು ನಮ್ಮ ಸೋದರತ್ತೆ. ಅರಸೀಕೆರೆ ಕಡೆಯವರು, ಎಪ್ಪತ್ತು ದಾಟಿದೆ, ಮಂಡಿ ನೋವು. ಮದುವೆಗೆ ಅಂತ ಬಂದವರನ್ನು, ಮಧ್ಯದಲ್ಲಿ ಒಂದು ದಿನ ಖಾಲಿ ಇತ್ತು ಅಂತ, ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಯಾವ ಮ್ಯೂಸಿಯಂ ಅಂತ ಹೇಳಲ್ಲ, ನಾಳೆ ಮತ್ತೆ ಅಲ್ಲಿಗೇ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಮೊದಲ ಎರಡು ಕೋಣೆ ಅತ್ತೆ ಸುಮ್ನೆ ನಡೆದರು. ದೇವರ ಚಿತ್ರ ಬಂದಾಗ ಕೈ ಮುಗಿದರು, ಮಹಾರಾಜರ ಚಿತ್ರ ಬಂದಾಗಲೂ ಕೈ ಮುಗಿದರು. ಮೂರನೆಯ ಕೋಣೆಯಲ್ಲಿ ಒಂದು ಸಣ್ಣ ಜಲವರ್ಣ ಇತ್ತು. ಒಂದು ಕೊಟ್ಟಿಗೆ, ಒಂದು ಹಸು, ಪಕ್ಕದಲ್ಲಿ ಒಬ್ಬಳು ಹೆಂಗಸು. ಲೇಬಲ್ಲಿನಲ್ಲಿ 'ಗ್ರಾಮೀಣ ದೃಶ್ಯ, ಕಾಗದದ ಮೇಲೆ ಜಲವರ್ಣ' ಅಂತ ಬರೆದಿತ್ತು. ಅತ್ತೆ ಅದರ ಮುಂದೆ ನಿಂತರು, ಸೆರಗು ಸರಿ ಮಾಡಿಕೊಂಡರು, ಗೋಡೆಗೆ ಕೈ ಊರಿ ನಿಧಾನಕ್ಕೆ ನೆಲದ ಮೇಲೆ ಕೂತೇಬಿಟ್ಟರು.

ಗಾರ್ಡ್ ಓಡಿ ಬಂದ. "ಅಮ್ಮಾ, ಇಲ್ಲಿ ಕೂರಂಗಿಲ್ಲ."

ಅತ್ತೆ ತಲೆ ಎತ್ತಿ ನೋಡಿದರು. "ನಿಂಗೆ ಕೂರಕ್ಕೆ ಕುರ್ಚಿ ಕೊಟ್ಟವ್ರಲ್ಲಪ್ಪ, ನಂಗ್ಯಾಕಿಲ್ಲ? ನೀನು ಸಂಬಳ ಇಸ್ಕೊಂಡು ನೋಡ್ತೀಯ, ನಾನು ದುಡ್ಡು ಕೊಟ್ಟು ನೋಡ್ತಿದೀನಿ."

ನಾನು ಆ ಕಡೆ ತಿರುಗಿಕೊಂಡೆ. ಗಾರ್ಡ್ ಒಂದು ನಿಮಿಷ ನಿಂತು, ಹೋಗಿ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನೇ ಎಳೆದುಕೊಂಡು ಬಂದ. ಅದಕ್ಕೆ ಒಂದು ಕಾಲು ಸ್ವಲ್ಪ ಗಿಡ್ಡ, ಕೆಳಗೆ ಹಳೆಯ ಟಿಕೆಟ್ ಪುಸ್ತಕ ಮಡಚಿ ಇಟ್ಟುಕೊಂಡಿದ್ದ, ಆ ಪುಸ್ತಕವನ್ನೂ ತಂದ. ಅತ್ತೆ ಕುರ್ಚಿಯಲ್ಲಿ ಕೂತು, ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿ, ನನ್ನ ಮುಖ ನೋಡಿ, ವಾಪಸ್ ತೆಗೆದರು. ಆಮೇಲೆ ಹೇಳಿದರು: "ಈ ಹಸ ಕರ ಹಾಕಿ ಇನ್ನೂ ವಾರ ಆಗಿಲ್ಲ ಕಣೋ. ಕೆಚ್ಚಲು ನೋಡು, ಹೆಂಗೆ ಬಿಗಿದೈತೆ. ಗಿಣ್ಣ ಇನ್ನೂ ಮುಗಿದಿಲ್ಲ."

ಆ ಕೋಣೆಗೆ ನಾನು ಕನಿಷ್ಠ ಮೂವತ್ತು ಸಲ ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಆ ಚಿತ್ರದ ಮುಂದೆ ನಿಂತು ವಾಶ್ ಅಂದರೇನು, ಬಣ್ಣ ಹೇಗೆ ಒದ್ದೆ ಕಾಗದದ ಮೇಲೆ ಹರಡುತ್ತದೆ, ಎಲ್ಲಾ ಭಾಷಣ ಬಿಗಿದಿದ್ದೇನೆ. ಕೆಚ್ಚಲು ನೋಡಿರಲಿಲ್ಲ. ಗಾರ್ಡ್ ಹನ್ನೊಂದು ವರ್ಷದಿಂದ ಆ ಕೋಣೆಯಲ್ಲಿದ್ದ, ಅವನೂ ನೋಡಿರಲಿಲ್ಲ. ಈಗ ಅವನೂ ಬಗ್ಗಿ ನೋಡಿದ. "ಹೌದಲ್ವಾ ಸಾರ್" ಅಂದ. ಆಮೇಲೆ ಮೂರು ಜನವೂ ಅಲ್ಲೇ ಅರ್ಧ ಗಂಟೆ. ಹಸುವಿನ ಹಿಂಗಾಲು ಒಂದು ಸ್ವಲ್ಪ ಎತ್ತಿದೆ ಅಂತ ಗಾರ್ಡ್ ಕಂಡುಹಿಡಿದ, ಅದು ಒದೆಯೋ ಹಸು ಅಂತ ಅತ್ತೆ ತೀರ್ಪು ಕೊಟ್ಟರು, ಆ ಹೆಂಗಸು ಅದಕ್ಕೇ ದೂರ ನಿಂತಿದ್ದಾಳೆ ಅಂತ ಇಬ್ಬರೂ ಒಪ್ಪಿಕೊಂಡರು. ಸ್ವಾಮಿ, ಇದಕ್ಕಿಂತ ಒಳ್ಳೆಯ ಸಾರ್ವಜನಿಕ ಕಾರ್ಯಕ್ರಮ ನಾನು ನೋಡಿಲ್ಲ. ಖರ್ಚು ಒಂದು ಪ್ಲಾಸ್ಟಿಕ್ ಕುರ್ಚಿ.

ಸಮಯ ನೋಡಿಕೊಳ್ಳುತ್ತಿದ್ದೇನೆ ಸಾರ್, ನೀವು ವಾಚು ತೋರಿಸಬೇಡಿ.

ಎರಡನೆಯದು ಬೆಳಕು. ಮಕ್ಕಳು ಯಾವಾಗಲೂ ಕೇಳುವ ಪ್ರಶ್ನೆ, "ಸಾರ್, ಇಲ್ಲಿ ಯಾಕೆ ಕತ್ತಲೆ? ಕರೆಂಟ್ ಬಿಲ್ ಕಟ್ಟಿಲ್ವಾ?" ಜಲವರ್ಣಕ್ಕೆ, ಕಾಗದಕ್ಕೆ ಬೆಳಕೇ ಶತ್ರು. 50 ಲಕ್ಸ್‌ಗಿಂತ ಜಾಸ್ತಿ ಹಾಕಬಾರದು ಅಂತ ಮ್ಯೂಸಿಯಂನವರ ಲೆಕ್ಕ. ಲಕ್ಸ್ ಅಂದರೆ ಬೆಳಕಿನ ಅಳತೆ. ಆಫೀಸಿನ ಟೇಬಲ್ ಮೇಲೆ 300ರಿಂದ 500 ಲಕ್ಸ್ ಇರುತ್ತದೆ, ಮಟಮಟ ಮಧ್ಯಾಹ್ನ ಅಂಗಳದಲ್ಲಿ ಒಂದು ಲಕ್ಷದ ಹತ್ತಿರ. ಒಂದು ಸಲ ಮಾಸಿದ ಬಣ್ಣ ವಾಪಸ್ ಬರಲ್ಲ, ಅದಕ್ಕೆ ಕಾಗದದ ಚಿತ್ರಗಳನ್ನು ಕೆಲವು ತಿಂಗಳು ತೋರಿಸಿ ಆಮೇಲೆ ಕತ್ತಲೆಯಲ್ಲಿ ಮಲಗಿಸುತ್ತಾರೆ. ಇದನ್ನು ಬಾಗಿಲಲ್ಲೇ ಎರಡು ಸಾಲು ಕನ್ನಡದಲ್ಲಿ ಬರೆದು ಹಾಕಿದರೆ ಮಕ್ಕಳು ಎಷ್ಟು ಖುಷಿ ಪಡುತ್ತಾರೆ ಗೊತ್ತಾ? 'ಚಿತ್ರಗಳು ಮಲಗುತ್ತವೆ' ಅಂತ ಒಬ್ಬಳು ಹುಡುಗಿ ಮನೆಗೆ ಹೋಗಿ ಅಪ್ಪನಿಗೆ ಹೇಳಿದ್ದಾಳೆ, ಮುಂದಿನ ವಾರ ಅಪ್ಪ ನೋಡೋಕೆ ಬಂದಿದ್ದ. ಮತ್ತೆ ಮಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತು ಎಲ್ಲಿ ಕಳೆಯಬೇಕು? ಕುರ್ಚಿಯಲ್ಲಿ. ನೋಡಿ, ನಾನು ತರಲಿಲ್ಲ, ಅದೇ ಬಂತು.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಕೈ ಎತ್ತಿ. ಎಲ್ಲರೂ. ಅಲ್ಲಿ ದೀಪ ಹಿಡಿದ ಹುಡುಗಿಯ ಚಿತ್ರ ಬರೆದವರು ಯಾರು?

ಹಾಂ, ಅರ್ಧ ಹಾಲ್ 'ರವಿವರ್ಮ' ಅಂದಿರಿ. ನನಗೆ ಗೊತ್ತಿತ್ತು. ಅದು ಸಾವಂತವಾಡಿಯ ಎಸ್.ಎಲ್. ಹಳದಣಕರ್ ಬರೆದದ್ದು, ನಲವತ್ತರ ದಶಕದಲ್ಲಿ. ದೀಪ ಹಿಡಿದವಳು ಅವರ ಮಗಳು ಗೀತಾ. ಎಣ್ಣೆಬಣ್ಣ ಅಂದುಕೊಂಡಿದ್ದೀರಿ, ಅದು ಜಲವರ್ಣ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ, ಬೆರಳ ಸಂದಿಯಲ್ಲಿ ಸೋರುವ ಆ ಕೆಂಪು ಇದೆಯಲ್ಲ, ಅದಕ್ಕೆ ಜನ ಕ್ಯೂ ನಿಲ್ಲುತ್ತಾರೆ. ಮಂದ ಬೆಳಕಿನಲ್ಲಿ ತೋರಿಸೋದರಿಂದ ದೀಪ ನಿಜಕ್ಕೂ ಉರಿದ ಹಾಗೆ ಕಾಣುತ್ತದೆ. ಕತ್ತಲೆಯನ್ನು ಕೊರತೆ ಅಂತ ತಿಳಿಯದೆ ಪ್ರದರ್ಶನದ ಭಾಗ ಮಾಡಿಕೊಂಡಿದ್ದು ಎಷ್ಟು ಜಾಣತನ ನೋಡಿ. ಆದರೆ ರವಿವರ್ಮ ಅನ್ನೋದು ಎಲ್ಲಿಂದ ಬಂತು? ಕಲಾವಿದನ ಹೆಸರು ಹೇಳುವ ಲೇಬಲ್ ಒಂದು ಕಡೆ, ಟೂರ್ ಬಸ್ಸಿನಲ್ಲಿ ಮೈಕ್ ಹಿಡಿದವರ ಮಾತು ಇನ್ನೊಂದು ಕಡೆ. ಗೆಲ್ಲೋದು ಬಾಯಿಮಾತೇ. ಪಕ್ಕದಲ್ಲಿ ಒಬ್ಬರು ನಿಂತು, ಅಲ್ಲ, ಕೂತು, ನಾಲ್ಕು ಮಾತು ಹೇಳಿದರೆ ಅದು ಮೂವತ್ತು ವರ್ಷ ಇರುತ್ತದೆ, ಸರಿ ಇರಲಿ ತಪ್ಪಿರಲಿ. ಅದಕ್ಕೇ ನಾನು ಹೇಳೋದು, ಕಾರ್ಯಕ್ರಮ ಅಂದರೆ ಮೊದಲು ಮಾತಾಡುವ ಒಬ್ಬ ಮನುಷ್ಯ, ಆಮೇಲೆ ಬ್ರೋಶರ್.

ಲೇಬಲ್ ಮೂರನೆಯ ಅಂಶ, ಅರ್ಧ ಆಗಿಹೋಯಿತು. ಉಳಿದರ್ಧ ಇಷ್ಟೇ: ಕನ್ನಡದ ಲೇಬಲ್ಲನ್ನು ದಯವಿಟ್ಟು ಕನ್ನಡದಲ್ಲಿ ಬರೆಯಿರಿ. 'ಅಮೂರ್ತ ಅಭಿವ್ಯಕ್ತಿಯ ಅಂತರಂಗದ ಅನಾವರಣ' ಅಂತ ಒಂದು ಕಡೆ ಓದಿದ್ದೆ, ಚಿತ್ರದಲ್ಲಿ ಎರಡು ಮೀನು ಇದ್ದವು. ಮೀನು ಅಂತ ಬರೆಯೋಕೆ ನಾಚಿಕೆ ಯಾಕೆ? ಇನ್ನೊಂದು, ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು ಐದು ಅಡಿಗೆ ಬರುವ ಹಾಗೆ ತೂಗುಹಾಕುತ್ತಾರೆ. ಮೂರನೇ ಕ್ಲಾಸಿನ ಮಗು ನಾಲ್ಕು ಅಡಿ ಇರುತ್ತದೆ. ಅದಕ್ಕೆ ಕಾಣೋದು ಫ್ರೇಮಿನ ಕೆಳಗಡೆ ಮತ್ತು ಗಾಜಿನಲ್ಲಿ ಟ್ಯೂಬ್‌ಲೈಟು. ನಾನು ಪ್ರತಿ ಸಲ ಮಂಡಿಯೂರಿ ಒಂದು ಸುತ್ತು ನೋಡಿಕೊಂಡೇ ಮಕ್ಕಳನ್ನು ಒಳಗೆ ಬಿಡೋದು. ಹತ್ತಿಸಿ ನಿಲ್ಲಿಸೋಕೆ ಒಂದು ಮಣೆ ಕೇಳಿದರೆ, "ಟೆಂಡರ್ ಕರೀಬೇಕು ಸಾರ್" ಅಂದರು. ಮಣೆಗೆ!

ಹಂಪಿಗೆ ಹೋಗಿ. ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಮೇಲ್ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ, ಅರ್ಜುನ ಮತ್ಸ್ಯಯಂತ್ರ ಹೊಡೆಯೋದು ಇದೆ. ಚಿತ್ರ ಮೇಲೆ, ನೆಲ ಖಾಲಿ. ಕಂಬಕ್ಕೆ ಒರಗಿ ಕೂತು ನೋಡಬಹುದು, ಪೂಜಾರರು ಬೈಯದಿದ್ದರೆ ಮಲಗಿಯೂ ನೋಡಬಹುದು. ಆ ಕಾಲದವರಿಗೆ ಕ್ಯುರೇಟರ್ ಅನ್ನೋ ಪದ ಗೊತ್ತಿರಲಿಲ್ಲ, ಕತ್ತು ನೋಯುತ್ತದೆ ಅನ್ನೋದು ಗೊತ್ತಿತ್ತು.

ಚೀಟಿ ಬಂತು. 'ಐದು ನಿಮಿಷ'. ಸರಿ.

ನಾಲ್ಕನೆಯದು, ಉದ್ಘಾಟನೆಯ ರೋಗ. ಮೊದಲ ದಿನ ದೀಪ, ನಿರೂಪಣೆ, ವಂದನಾರ್ಪಣೆ, ಗೋಡಂಬಿ ಬಿಸ್ಕೆಟ್. ಎರಡನೆಯ ದಿನ ಗಾರ್ಡ್ ಮತ್ತು ಫ್ಯಾನ್. ಪ್ರದರ್ಶನದ ದುಡ್ಡೆಲ್ಲ ಮೊದಲ ಸಂಜೆಗೇ ಖಾಲಿ. ಅದನ್ನು ನಾಲ್ಕು ಭಾನುವಾರಕ್ಕೆ ಹಂಚಿ. ಜನ ಬರಲ್ಲ ಅನ್ನೋದು ಸುಳ್ಳು. ಚಿತ್ರಕಲಾ ಪರಿಷತ್ತು ರಸ್ತೆಯಲ್ಲೇ ಚಿತ್ರ ಇಟ್ಟು ಮಾರುವ ಚಿತ್ರಸಂತೆ ಶುರು ಮಾಡಿತು, ಈಗ ಜನವರಿಯ ಆ ಒಂದು ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮೆಟ್ಟಿಲು, ಬಾಗಿಲು, ಟಿಕೆಟ್ಟು, ಚಪ್ಪಲಿ ಬಿಡಬೇಕೋ ಬೇಡವೋ ಅನ್ನೋ ಅಂಜಿಕೆ, ಇವು ಯಾವುದೂ ರಸ್ತೆಯಲ್ಲಿ ಇಲ್ಲ, ಜನ ಬಂದರು. ಅದೇ ಜನ ಸೋಮವಾರ ಗ್ಯಾಲರಿಗೆ ಯಾಕೆ ಬರಲ್ಲ ಅಂತ ಕೇಳಿದರೆ, ಸೋಮವಾರ ರಜೆ, ಅದು ಬೇರೆ ಮಾತು. ಬೆಂಗಳೂರಿನಲ್ಲಿ 2023ರಲ್ಲಿ ತೆರೆದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲಿ, ಕಣ್ಣು ಕಾಣದವರು ಮುಟ್ಟಿ ತಿಳಿಯುವ ಹಾಗೆ ಕೆಲವು ಕೃತಿಗಳ ಉಬ್ಬು ಪ್ರತಿ ಮಾಡಿದ್ದಾರೆ. 'ಮುಟ್ಟಬೇಡಿ' ಬೋರ್ಡಿನ ಪಕ್ಕ 'ಮುಟ್ಟಿ' ಅಂತ ಇರೋದೇ ಒಂದು ಸಂತೋಷ. ಇದರ ಬಗ್ಗೆ ಹೇಳೋದು ತುಂಬಾ ಇತ್ತು.

ಐದನೆಯದು ದುಡ್ಡು. ಇಲ್ಲ. ಮುಂದೆ ಹೋಗೋಣ.

ವಿದ್ಯಾರ್ಥಿಗಳಿಗೆ ಒಂದು ಮಾತು. ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ನಿಮ್ಮ ಕಾಲೇಜಿನ ಸಂಗ್ರಹದಿಂದ ಒಂದೇ ಒಂದು ಚಿತ್ರ ಇದೇ ಹಾಲ್‌ನಲ್ಲಿ ಇಡುತ್ತಾರೆ, ಪ್ರಿನ್ಸಿಪಾಲರು ಒಪ್ಪಿದ್ದಾರೆ. ಒಂದು ಗಂಟೆ. ಭಾಷಣ ಇಲ್ಲ, ದೀಪ ಇಲ್ಲ. ಮೊದಲ ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ, ಆಮೇಲೆ ಕಂಡದ್ದನ್ನು ಮಾತ್ರ ಹೇಳಬೇಕು, ಅರ್ಥ ಹೇಳುವಂತಿಲ್ಲ. ಮನೆಯಿಂದ ಒಬ್ಬರು ದೊಡ್ಡವರನ್ನು ಕರೆದುಕೊಂಡು ಬನ್ನಿ. ಹಸು ಸಾಕಿದವರು, ಬಟ್ಟೆ ಹೊಲಿದವರು, ಗಾರೆ ಕೆಲಸ ಮಾಡಿದವರು ಆದರೆ ಬಹಳ ಒಳ್ಳೆಯದು. ಕುರ್ಚಿ ಹೇಗೂ ಇಲ್ಲೇ ಇವೆ.

ಮೈಕ್ ಕೊಡುತ್ತೇನೆ ಸಾರ್, ಒಂದೇ ನಿಮಿಷ, ಅತ್ತೆ ಕಥೆ ಮುಗಿದಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಕಡೆ ನೋಡಿಕೊಂಡು ಕೂತಿದ್ದವರು ಇದ್ದಕ್ಕಿದ್ದ ಹಾಗೆ ಕೇಳಿದರು: "ಅಲ್ಲ ಕಣೋ, ಕರ ಎಲ್ಲಿ?" ಗಿಣ್ಣ ಕೊಡೋ ಹಸುವಿನ ಹತ್ತಿರ ಕರು ಇರಲೇಬೇಕು, ಅಲ್ವಾ? ಚಿತ್ರದಲ್ಲಿ ಇಲ್ಲ. ಮುಂದಿನ ವಾರ ನಾನು ಅದನ್ನು ನೋಡೋಕೆ ಅಂತಲೇ ಹೋದೆ. ಗೂಟಕ್ಕೆ ಕಟ್ಟಿದ ಒಂದು ಹಗ್ಗ ಇದೆ, ಬಲಗಡೆ ಅಂಚಿನವರೆಗೆ ಹೋಗಿ ಮೌಂಟ್ ಬೋರ್ಡಿನ, ಅಂದರೆ ಫ್ರೇಮಿನೊಳಗೆ ಚಿತ್ರದ ಸುತ್ತ ಇಡುವ ರಟ್ಟಿನ, ಕೆಳಗೆ ಮಾಯವಾಗುತ್ತದೆ. ಅಲ್ಲಿನವರನ್ನು ಕೇಳಿದೆ. ಮೌಂಟ್ ಕೆಳಗೆ ಇನ್ನೂ ಒಂದಿಂಚು ಕಾಗದ ಇರಬಹುದು, ಆದರೆ ಫ್ರೇಮ್ ಬಿಚ್ಚದೆ ಹೇಳೋಕಾಗಲ್ಲ, ಬಿಚ್ಚೋದು ಮುಂದಿನ ಸಲ ಚಿತ್ರ ಮಲಗಿಸುವಾಗ ಅಂದರು. ನಂಬರ್ ಕೊಟ್ಟು ಬಂದಿದ್ದೇನೆ. ಗಾರ್ಡ್ ಹತ್ತಿರವೂ ಹೇಳಿದ್ದೇನೆ, ಅವನಿಗೇ ನನಗಿಂತ ಅವಸರ. ಅತ್ತೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಾರೆ, ಹೇಗಿದ್ದೀಯ ಅಂತ ಕೇಳೋದು ಬಿಟ್ಟೇಬಿಟ್ಟಿದ್ದಾರೆ. "ಕರ ಸಿಕ್ತಾ?"