ಸೊಸೆ ಊಟ ಹಾಕಲ್ವಂತೆ!

ನಮಸ್ಕಾರ ಎಲ್ರಿಗೂ. ಇವತ್ತು ಸ್ವಲ್ಪ ಕೋಪದಲ್ಲೇ ಮೈಕ್ ಮುಂದೆ ಕೂತಿದೀನಿ, ಮೊದ್ಲೇ ಹೇಳ್ಬಿಡ್ತೀನಿ. ಹೋದ್ವಾರ ಗಾಂಧಿಬಜಾರಲ್ಲಿ ಹೂವು ತಗೋತಾ ಇದ್ದೆ, ನಮ್ಮ ಬೀದಿಯವರೊಬ್ರು ಪಕ್ಕಕ್ಕೆ ಕರ್ದು, "ಏನಮ್ಮಾ, ನಿಮ್ಮತ್ತೆಗೆ ಹೊಟ್ಟೆ ತುಂಬ ಊಟ ಹಾಕಲ್ವಂತೆ? ನಮ್ಮನೆಗೆ ಬಂದು ಮೂರು ಒಬ್ಬಟ್ಟು ತಿಂದ್ರು, ಪಾಪ" ಅಂದ್ರು. ಆ 'ಪಾಪ' ಇದ್ಯಲ್ಲ, ನನ್ನ ಮುಖಕ್ಕೇ ಹೊಡ್ದಂಗಿತ್ತು.

ಅವತ್ತು ನಮ್ಮತ್ತೆ ಏನೇನು ತಿಂದಿದ್ರು ಗೊತ್ತಾ? ಬೆಳಗ್ಗೆ ಎಂಟು ಇಡ್ಲಿ, ಎರಡು ಸಲ ಊಟ, ಅರ್ಧ ಪ್ಯಾಕೆಟ್ ಗ್ಲೂಕೋಸ್ ಬಿಸ್ಕತ್ತು, ಸಾಲ್ದು ಅಂತ ಡಬ್ಬಿಯಿಂದ ಎರಡು ಅಚ್ಚು ಬೆಲ್ಲ. ಇವ್ರು ಹೇಗಿದ್ದೋರು ಅಂದ್ರೆ, ಏಕಾದಶಿ ದಿನ ಒಂದು ತುತ್ತು ಮುಟ್ತಿರ್ಲಿಲ್ಲ, ಕಾಫಿಗೆ ಅರ್ಧ ಚಮಚ ಸಕ್ಕರೆ ಜಾಸ್ತಿ ಆದ್ರೆ "ಇದೇನು ಪಾಯ್ಸಾನೇನೇ" ಅಂತಿದ್ರು.

ಅರವತ್ತೊಂದಕ್ಕೆ ಶುರುವಾಗಿದ್ದು ಇದು. ಮೊದ್ಲು ಶುಗರ್ ಇರ್ಬೇಕು ಅಂತ ಟೆಸ್ಟ್ ಮಾಡಿಸಿದ್ವಿ, ಇಲ್ಲ. ಥೈರಾಯ್ಡ್, ಇಲ್ಲ. ನಮ್ಮ ನಾದಿನಿ "ಬಾಯಿ ಚಪಲ ಬಿಡಿ ಅತ್ಗೆ" ಅಂದ್ಲು, ಉಳಿದೋರೆಲ್ಲ ಆ ಗಾದೆ ಹೇಳಿದ್ರು, ಅರವತ್ತಕ್ಕೆ ಅರಳು ಮರಳು. ಆ ಒಂದು ಗಾದೆ ನಂಬ್ಕೊಂಡು ನಾವು ಒಂದೂವರೆ ವರ್ಷ ಕಳೆದ್ಬಿಟ್ವಿ ಕಣ್ರೀ. ಯಾಕಂದ್ರೆ ಮರೆವೇ ಇರ್ಲಿಲ್ಲ! ಹಾಲಿನವನಿಗೆ ಎಷ್ಟು ಬಾಕಿ ಅಂತ ಅವರಿಗೇ ಗೊತ್ತಿರೋದು. ಡಿಮೆನ್ಷಿಯಾ, ಅದೇ ಮೆದುಳು ಹಾಳಾಗಿ ನೆನಪು, ಬುದ್ಧಿ, ನಡವಳಿಕೆ ಕುಗ್ಗೋ ಕಾಯಿಲೆ, ಅಂದ್ರೆ ಮರೆವು ಅಷ್ಟೇ ಅಂತ ನಾವು ಅಂದ್ಕೊಂಡಿದ್ವಿ.

ಕೊನೆಗೆ ನರರೋಗದ ಡಾಕ್ಟ್ರು ಹೇಳಿದ್ದು ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಅಂತ. ಹಣೆ ಹಿಂದೆ, ಕಿವಿ ಪಕ್ಕ ಇರೋ ಮೆದುಳಿನ ಭಾಗಗಳು ಸವೆಯುತ್ತೆ, ಹೆಚ್ಚಾಗಿ 45ರಿಂದ 65ರೊಳಗೇ ಕಾಣಿಸ್ಕೊಳ್ಳುತ್ತೆ. ಸ್ವಭಾವ ಬದಲಾಗೋ ಬಗೆಯದಕ್ಕೆ ತಜ್ಞರು 2011ರಲ್ಲಿ ಆರು ಲಕ್ಷಣಗಳ ಪಟ್ಟಿ ಮಾಡಿದ್ರು, ಮೂರಿದ್ರೆ ಅನುಮಾನ ಪಡಿ ಅಂತ, ಅದ್ರಲ್ಲಿ ಒಂದು ಇದೇನೇ, ಸಿಹಿ ಮೇಲೆ ಬೀಳೋದು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋದು, ಒಂದೇ ತಿಂಡಿ ದಿನಾ ಬೇಕು ಅನ್ನೋದು. ಹೊಟ್ಟೆ ತುಂಬಿರುತ್ತೆ, ಕೈ ನಿಲ್ಲಲ್ಲ. ಚಪಲ ಅಂತೆ ಚಪಲ!

ಡಿಮೆನ್ಷಿಯಾದಲ್ಲೇ ಹೆಚ್ಚಾಗಿ ಕಾಣೋ ಇನ್ನೊಂದು ಬಗೆ, ಆಲ್‌ಜೈಮರ್ಸ್, ಅದು ಇರೋರ ಮನೇಲಿ ಕಥೆ ಬಹಳ ಸಲ ಉಲ್ಟಾ. ವಾಸನೆ ಗೊತ್ತಾಗೋದು ಮೊದಮೊದ್ಲೇ ಕಮ್ಮಿ ಆಗುತ್ತೆ, ಒಗ್ಗರಣೆ ಘಮಾನೇ ಮೂಗಿಗೆ ಬರ್ದೇ ಇದ್ರೆ ಊಟ ಹೇಗೆ ಸೇರುತ್ತೆ ಹೇಳಿ, ಅದ್ರ ಮೇಲೆ ಆ ಕಾಯಿಲೆಗೆ ಕೊಡೋ ಡೊನೆಪೆಜಿಲ್ ಮಾತ್ರೆ ಕೆಲವ್ರಿಗೆ ಹಸಿವು ಕಮ್ಮಿ ಮಾಡುತ್ತೆ, ವಾಕರಿಕೆ ಬರಿಸುತ್ತೆ. ವಿಜಯನಗರದಲ್ಲಿ ನನ್ನ ಫ್ರೆಂಡ್ ಅಪ್ಪ ಮೊಸರನ್ನ ಮುಂದಿಟ್ರೆ ಸುಮ್ನೆ ಕೂತಿರೋರು. ಬಿಳೀ ತಟ್ಟೆ, ಬಿಳೀ ಅನ್ನ, ಬಿಳೀ ಮೊಸರು, ಅವ್ರ ಕಣ್ಣಿಗೆ ಅಲ್ಲಿ ಏನೂ ಇಲ್ಲ! ಅಮೆರಿಕದ ಬಾಸ್ಟನ್‌ನಲ್ಲಿ 2004ರಲ್ಲಿ ಗಾಢ ಬಣ್ಣದ ತಟ್ಟೆಲಿ ಕೊಟ್ಟು ನೋಡಿದ್ರಂತೆ, ಊಟ ಸುಮಾರು 25 ಪರ್ಸೆಂಟ್ ಹೆಚ್ಚಾಯ್ತು, ಒಂಬತ್ತೇ ಜನರ ಮೇಲೆ ಮಾಡಿದ್ದು ಬಿಡಿ, ಆದ್ರೆ ಒಂದು ಕೆಂಪು ತಟ್ಟೆ ತರೋಕೆ ಏನು ಕಷ್ಟ? ಅವ್ಳು ತಂದ್ಲು, ಒಂದು ಬದನೆಕಾಯಿ ಗೊಜ್ಜನ್ನೂ ಪಕ್ಕಕ್ಕೆ ಹಾಕಿದ್ಲು, ಅಪ್ಪ ಕೈ ಇಟ್ರು. ಇನ್ನೊಂದು, ಯಾರಾದ್ರೂ ಇದ್ದಕ್ಕಿದ್ದಂಗೆ ಊಟ ಬಿಟ್ರೆ ಎಲ್ಲಾನೂ ಮೆದುಳಿನ ತಲೆಗೆ ಕಟ್ಬೇಡಿ, ಬಾಯಿ ಹುಣ್ಣಾ, ಹಲ್ಲುಸೆಟ್ಟು ಒತ್ತುತ್ತಾ, ಮಲಬದ್ಧತೇನಾ ನೋಡಿ.

ನಾನೂ ತಪ್ಪು ಮಾಡಿದೀನಿ. ಅಡುಗೆಮನೆಗೆ ಬೀಗ ಹಾಕ್ದೆ. ನಲವತ್ತು ವರ್ಷ ಒಲೆ ಮುಂದೆ ನಿಂತೋರು ರಾತ್ರಿ ಎದ್ದು ಆ ಬೀಗ ಅಲ್ಲಾಡಿಸ್ತಾ ನಿಂತಿದ್ರು, ಹೊರಗಿಂದ ಬಂದ ಕಳ್ಳಿ ಥರ. ಬೆಳಗ್ಗೆ ತೆಗ್ದಾಕ್ದೆ. ಈಗ ಬೆಲ್ಲ, ಸಕ್ಕರೆ, ಫಿನಾಯ್ಲು, ಸೋಪು (ಹೌದು, ಸೋಪೂ ಬಾಯಿಗೆ ಹೋಗಿದೆ) ಮೇಲಿನ ಅಟ್ಟಕ್ಕೆ, ಕೈಗೆ ಸಿಗೋ ಹಾಗೆ ಕಡ್ಲೆಪುರಿ, ಹೆಚ್ಚಿದ ಪರಂಗಿಹಣ್ಣು, ಸಣ್ಣ ಬಟ್ಟಲಲ್ಲಿ. ಬಾಯಿ ತುಂಬ ತುರುಕ್ಕೊಳ್ತಾರೆ, ಗಂಟಲಿಗೆ ಸಿಕ್ಕೊಳ್ಳೋ ಭಯ, ಅದಕ್ಕೆ ತಿನ್ನೋವಾಗ ಯಾರಾದ್ರೂ ಪಕ್ಕದಲ್ಲಿ. "ಈಗ್ತಾನೆ ತಿಂದ್ರಲ್ಲಾ" ಅನ್ನೋ ಮಾತು ನಮ್ಮನೇಲಿ ಬ್ಯಾನ್. "ಅನ್ನ ಬೇಯ್ತಿದೆ ಅತ್ತೆ, ಅಲ್ಲೀವರ್ಗೂ ಇದು ತಿನ್ನಿ" ಅಂತೀವಿ. ಕುಕ್ಕರ್ ಖಾಲಿ ಇರುತ್ತೆ, ಸುಳ್ಳೇ, ಇರ್ಲಿ.

ದೇಶದಲ್ಲಿ 60 ದಾಟಿದೋರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ ಅಂದಾಜು. ಅಷ್ಟು ಮನೆಗಳಲ್ಲಿ ಎಷ್ಟು ಸೊಸೆಯಂದ್ರು ನನ್ನ ಥರ ಮಾತು ಕೇಳ್ತಿದಾರೋ! ಮಗನ್ನ ಯಾರೂ ಕೇಳಲ್ಲ ನೋಡಿ, ನಮ್ಮ ಯಜಮಾನ್ರೂ ಅದೇ ಗಾಂಧಿಬಜಾರಿಗೆ ದಿನಾ ಹೋಗ್ತಾರೆ.

ಒಬ್ಬಟ್ಟು ಕೊಟ್ಟೋರ ಮನೆಗೆ ಮಾರನೇ ದಿನ ನಾನೇ ಹೋದೆ, ಕೂತು ಎಲ್ಲಾ ಹೇಳ್ದೆ, ಅವ್ರ ಕಣ್ಣಲ್ಲಿ ನೀರು ಬಂತು. ಮೊನ್ನೆ ಫೋನ್ ಮಾಡಿದ್ರು: "ನಿಮ್ಮತ್ತೆ ಇಲ್ಲೇ ಇದಾರೆ ಕಣೇ, ಕಾಫಿ ಕೇಳ್ತಿದಾರೆ. ಇವತ್ತಿಂದು ಎಷ್ಟನೇದು?"